ಉಪಗ್ರಹ ಕಂಡ ಹಾದಿ, ರೈತ ಬಲ್ಲ ಹಳ್ಳ

ಕೆಂಭಾವಿ ಸೀಮೆಗೆ ರಸ್ತೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಭತ್ತ, ಹತ್ತಿ, ಮೆಣಸಿನಕಾಯಿ, ತೊಗರಿ ಪೇಟೆ ಮುಟ್ಟುವ ಹೊತ್ತಿಗೆ ಲಾಭವೆಲ್ಲ ಬಾಡಿಗೆಯಲ್ಲೇ ಕರಗಿದರೆ ಬೆಳೆದು ಫಲವೇನು? ಆದರೆ ಅದೇ ರಸ್ತೆ ತಪ್ಪು ಜಾಗದಲ್ಲಿ ಬಿದ್ದರೆ ನೀರಿಗೆ ಅಡ್ಡ ಹಾಕಿದ ಒಡ್ಡಾಗುತ್ತದೆ. ಮೇಲಿನ ಹೊಲ ಜವಳಾಗುತ್ತದೆ, ಕೆಳಗಿನ ಹೊಲ ಕೊರೆದುಹೋಗುತ್ತದೆ.

ರಸ್ತೆ ಎಲ್ಲಿ ಹಾಯಬೇಕೆಂಬ ಮೊದಲ ಗೆರೆಯನ್ನು ಇಂದು ಎಳೆಯುವುದು ಬಹುಮಟ್ಟಿಗೆ ಗಣಕಯಂತ್ರದ ಪರದೆಯ ಮೇಲೆ. ಕೇಂದ್ರ ಸರ್ಕಾರ 2021ರ ಅಕ್ಟೋಬರಿನಲ್ಲಿ ಆರಂಭಿಸಿದ ಗತಿಶಕ್ತಿ ಯೋಜನೆ ನಿಂತಿರುವುದೇ ಇಂಥ ನಕ್ಷೆಗಳ ಮೇಲೆ. ಸೂರತ್–ಚೆನ್ನೈ ಆರ್ಥಿಕ ಕಾರಿಡಾರಿನ ಆರು ಪಥದ ಹೆದ್ದಾರಿ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಹೊಲಗಳಲ್ಲಿ ಹೊಸದಾಗಿ ಹಾಯುವ ಯೋಜನೆ. ಆದ್ದರಿಂದ ಈ ವಿದ್ಯೆ ಏನೆಂದು ನಾವೂ ತಿಳಿದಿರಬೇಕು.

ನಕ್ಷೆಯ ಮೇಲೆ ನಕ್ಷೆ

ಭಾರತ ತನ್ನ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಅನ್ನು ಹಾರಿಸಿದ್ದು 1988ರ ಮಾರ್ಚಿನಲ್ಲಿ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1 ಎರಡೂವರೆ ಮೀಟರ್ ಅಗಲದ ವಸ್ತುವನ್ನೂ ಬೇರೆಯಾಗಿ ತೋರಿಸಬಲ್ಲದಾಗಿತ್ತು. ಇಂಥ ಚಿತ್ರಗಳಿಂದ ಕೆರೆ, ಕಾಲುವೆ, ಕಾಡು, ಊರು, ಎರೆಭೂಮಿ, ಇಳಿಜಾರು ಒಂದೊಂದಕ್ಕೂ ಒಂದೊಂದು ನಕ್ಷೆ ಮಾಡುತ್ತಾರೆ. ತೆಳು ಕಾಗದದ ಮೇಲೆ ಬರೆದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಂತೆ ಗಣಕಯಂತ್ರ ಇವನ್ನೆಲ್ಲ ಜೋಡಿಸುತ್ತದೆ. ಕೆರೆಗೆ ಇಷ್ಟು, ನೀರಾವರಿ ಭೂಮಿಗೆ ಇಷ್ಟು ಎಂದು ತೂಕ ಕೊಟ್ಟರೆ ಕಡಿಮೆ ಹಾನಿಯ ಹಾದಿಯನ್ನು ಅದೇ ಹುಡುಕಿ ತೋರಿಸುತ್ತದೆ. ಬೋನಾಳ ಕೆರೆಯ ಹಕ್ಕಿಗಳಿಗೆ ತೊಂದರೆಯಾಗದಂತೆ ರಸ್ತೆಯನ್ನು ದೂರ ಸರಿಸುವುದು ಕಾಗದದ ಹಂತದಲ್ಲಿ ಸುಲಭ. ಡಾಂಬರು ಬಿದ್ದ ಮೇಲೆ ಅಲ್ಲ.

ಆದರೆ ಆ ತೂಕ ಕೊಡುವವನು ಮನುಷ್ಯ. ಭೂಮಿಯ ದರಕ್ಕೆ ಹೆಚ್ಚು, ನೀರಿನ ಹರಿವಿಗೆ ಕಡಿಮೆ ತೂಕ ಕೊಟ್ಟರೆ ಯಂತ್ರವೂ ಹಾಗೆಯೇ ಉತ್ತರ ಕೊಡುತ್ತದೆ.

ಕಾಣುವುದು, ಕಾಣದ್ದು

ಸಾಧಾರಣ ಉಪಗ್ರಹ ಮೋಡದ ಆಚೆ ನೋಡಲಾರದು. ಆದ್ದರಿಂದ ಸ್ಪಷ್ಟ ಚಿತ್ರಗಳು ಹೆಚ್ಚಾಗಿ ಬೇಸಿಗೆ, ಚಳಿಗಾಲದವು. ಆಗ ನಮ್ಮ ಹಳ್ಳ ಒಣಗಿ, ಜಾಲಿ ಬೆಳೆದ ಒಂದು ಗೆರೆ ಮಾತ್ರ. ಮೋಡ ಭೇದಿಸುವ ರೇಡಾರ್ ಉಪಗ್ರಹಗಳು ಕೃಷ್ಣೆ, ಭೀಮೆಯ ದೊಡ್ಡ ಪ್ರವಾಹವನ್ನು ಗುರುತಿಸುತ್ತವೆ. ಒಂದು ರಾತ್ರಿಯ ಮಳೆಗೆ ಎರಡು ತಾಸು ತುಂಬಿ ಹರಿದ ಹಳ್ಳ ಅವುಗಳ ಕಣ್ಣಿಗೂ ತಪ್ಪಬಹುದು.

ಎತ್ತರದ ಲೆಕ್ಕವೂ ಹಾಗೆಯೇ. ಉಪಗ್ರಹದಿಂದ ಅಳೆದ ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ಬೆಟ್ಟದ ಸೀಮೆಯಲ್ಲಿ ಇದು ದೊಡ್ಡ ಮಾತಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕುಡಿಯುವ ಸಮತಟ್ಟಾದ ಎರೆಹೊಲಗಳಲ್ಲಿ ಒಂದಡಿ ಏರುತಗ್ಗೇ ನೀರು ಯಾವ ಕಡೆ ಸಾಗಬೇಕೆಂಬುದನ್ನು ತೀರ್ಮಾನಿಸುತ್ತದೆ. ಹೆದ್ದಾರಿಗೆ ಲೇಸರ್ ಕಿರಣದ ಸೂಕ್ಷ್ಮ ಅಳತೆ ಮಾಡಬಹುದು. ಹಳ್ಳಿ ರಸ್ತೆಗೆ ಅಷ್ಟು ಖರ್ಚು ಮಾಡುವುದು ಅಪರೂಪ. ಹೊಲಗಾಲುವೆ, ಬಸಿಗಾಲುವೆ, ಬದುವಿನ ಬದಿಯ ಚಕ್ಕಡಿ ದಾರಿ ಆ ನಕ್ಷೆಗಳಲ್ಲಿ ಸರಿಯಾಗಿ ಮೂಡದಿದ್ದರೆ ಮೋರಿ ಎಷ್ಟು, ಎಲ್ಲಿ ಎಂಬ ಲೆಕ್ಕ ತಪ್ಪುತ್ತದೆ. ಸವಳು–ಜವಳಿನಿಂದ ಅಚ್ಚುಕಟ್ಟಿನಲ್ಲಿ ಈಗಾಗಲೇ ನೊಂದವರಿಗೆ ಮುಚ್ಚಿದ ಒಂದು ಬಸಿಗಾಲುವೆಯ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಇಪ್ಪತ್ತೊಂದು ದಿನಗಳು

ರಾಷ್ಟ್ರೀಯ ಹೆದ್ದಾರಿಗೆ ಜಮೀನು ಬೇಕಾದಾಗ 1956ರ ಹೆದ್ದಾರಿ ಕಾಯಿದೆಯ 3-ಎ ಕಲಮಿನಂತೆ ಅಧಿಸೂಚನೆ ಹೊರಡುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಒಂದಾದರೂ ನಾಡನುಡಿಯಲ್ಲಿ, ಬರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಮುಂದೆ 3-ಡಿ ಘೋಷಣೆ ಹೊರಟಿತೆಂದರೆ ಜಮೀನು ಸರ್ಕಾರಕ್ಕೆ ಸೇರಿದಂತೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ಬೇಕಾದ ಹೆದ್ದಾರಿಗಳಿಗೆ ಕನಿಷ್ಠ 30 ದಿನ ಮುಂಚಿತವಾಗಿ ತಿಳಿಸಿ ಸಭೆ ನಡೆಸಬೇಕು. ಅಲ್ಲಿ ಆಡಿದ ಮಾತು ದಾಖಲೆಗೆ ಸೇರುತ್ತದೆ. ಪರಿಹಾರದ ದರ ಮುಖ್ಯವೇ ಸರಿ. ಆದರೆ ಹಣ ಒಮ್ಮೆ ಬರುತ್ತದೆ, ನಿಂತ ನೀರು ವರ್ಷ ವರ್ಷವೂ ಬರುತ್ತದೆ.

ಈಗ ಮಾಡಬೇಕಾದದ್ದು

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಗಡಿ ನಿರ್ಧಾರಕ್ಕೆ ಮಾತ್ರ ಸರ್ವೆ ಇಲಾಖೆಯ ಅಳತೆಯೇ ಆಧಾರವೆಂಬುದು ನೆನಪಿರಲಿ. ಊರಿನ ಓದು ಬಲ್ಲ ಹುಡುಗರನ್ನು ಮುಂದಿಟ್ಟುಕೊಂಡು ಮಳೆಗಾಲದಲ್ಲಿ ಹಳ್ಳಗಳು ಉಕ್ಕುವ ಜಾಗ, ಬಸಿಗಾಲುವೆಗಳ ಬಾಯಿ, ದನಕರು ದಾಟುವ ದಾರಿಗಳನ್ನು ಸರ್ವೆ ನಂಬರು, ತಾರೀಖು, ಫೋಟೋ ಸಮೇತ ಬರೆದಿಡಿ. ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿ. ಅಚ್ಚುಕಟ್ಟಿನ ವಿಷಯವಾದರೆ ಭೀಮರಾಯನಗುಡಿಯ ಕಾಡಾ ಕಚೇರಿಗೂ ಒಂದು ಪ್ರತಿ ಮುಟ್ಟಿಸಿ.

ಉಪಗ್ರಹದ ನಕ್ಷೆಯನ್ನು ದೂಷಿಸಿ ಪ್ರಯೋಜನವಿಲ್ಲ. ಅದು ಒಳ್ಳೆಯ ಸಾಧನ. ಅದರಲ್ಲಿ ಇಲ್ಲದ್ದನ್ನು ತುಂಬಿಕೊಡುವ ಕೆಲಸ ನಮ್ಮದು. ಗೆರೆ ಪೆನ್ಸಿಲಿನಲ್ಲಿ ಇರುವಾಗಲೇ ಅದನ್ನು ಮಾಡೋಣ.