ಕದಿಯೋಕೆ ನಮ್ಮ ಹತ್ರ ಏನಿದೆ?

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೋಟು ಎಣಿಸಿ ಕೊಡುತ್ತಿದ್ದ ಕಾಲದಲ್ಲಿ ಅಪ್ಪ ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ. ದುಡ್ಡು ಒಳಜೇಬಿನಲ್ಲಿ, ಕೈ ಜೇಬಿನ ಮೇಲೆ. ಈಗ ಗೂಡಿನ ಹಣ ಖಾತೆಗೇ ಬರುತ್ತದೆ. ಆದರೆ ಆ ಖಾತೆಯ ಸ್ಟೇಟ್‌ಮೆಂಟು, ಮನೆಯವರೆಲ್ಲರ ಆಧಾರ್, ಪ್ಯಾನ್, ಪಹಣಿ, ಬೆಳೆಸಾಲದ ಕಾಗದ, ಎಲ್ಲವೂ ಪಿಎಚ್‌ಡಿಗೆಂದು ನಾನು ಕೊಂಡ ಹಳೆಯ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿದ್ದವು. ಅದಕ್ಕೆ ಪಾಸ್‌ವರ್ಡೂ ಇರಲಿಲ್ಲ. ಪಕ್ಕದ ಮನೆ ಹುಡುಗರು ಅದರಲ್ಲೇ ಕಳ್ಳ ಸಿನಿಮಾ ಇಳಿಸಿಕೊಳ್ಳುತ್ತಿದ್ದರು.

ಈ ಬಗ್ಗೆ ಮಾತೆತ್ತಿದರೆ ಗೌರಿಬಿದನೂರಿನ ನೆಂಟರಿಂದ ಚಿಂತಾಮಣಿಯ ಗೆಳೆಯರವರೆಗೆ ಎಲ್ಲರದೂ ಒಂದೇ ಉತ್ತರ: ‘ಕದಿಯೋಕೆ ನಮ್ಮ ಹತ್ರ ಏನಿದೆ?’ ಇದನ್ನು ವಿನಯ ಎಂದು ನಾನು ಒಪ್ಪುವುದಿಲ್ಲ. ಇದು ಸೋಮಾರಿತನ. ಕಳ್ಳನಿಗೆ ಬೇಕಿರುವುದು ನಿಮ್ಮ ಖಾತೆಯಲ್ಲಿರುವ ಹಣವಷ್ಟೇ ಅಲ್ಲ, ನಿಮ್ಮ ಹೆಸರು. ಆ ಹೆಸರಿನಲ್ಲಿ ಸಾಲ ಎತ್ತಬಹುದು, ಸಿಮ್ ಕೊಳ್ಳಬಹುದು, ಇನ್ನೊಬ್ಬರಿಂದ ದೋಚಿದ ಹಣ ಸಾಗಿಸಲು ಖಾತೆ ತೆರೆಯಬಹುದು. ಪೊಲೀಸರು ಬರುವುದು ನಿಮ್ಮ ಮನೆ ಬಾಗಿಲಿಗೆ.

‘ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ’ ಎನ್ನುತ್ತಾರೆ. ಇದೆ: ಇಂಗ್ಲಿಷಿನಲ್ಲಿ ಬರೆದ ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ಇಸವಿ. ಹಳ್ಳಿಯಲ್ಲಿ ಇವೆರಡು ಗೊತ್ತಿಲ್ಲದವರು ಯಾರು? ಬೀಗ ಹಾಕಿ ಕೀಲಿಕೈಯನ್ನು ಚಿಲಕಕ್ಕೇ ನೇತುಹಾಕಿದ ಹಾಗೆ. ಚಿಕ್ಕಬಳ್ಳಾಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಬಂಧದ ಅಧ್ಯಾಯ ಪ್ರಿಂಟ್ ತೆಗೆಸಲು ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ಯಾರ್‍ಯಾರದೋ ಪಾಸ್‌ಬುಕ್ಕು ಕಂಡೆ. ಅವುಗಳ ನಡುವೆ ಅಪ್ಪನದೂ ಇತ್ತು. ಹಿಂದಿನ ಸಲ ನಾನೇ ಬಿಟ್ಟು ಬಂದಿದ್ದೆ.

‘ಸರ್ಕಾರವೇ ಸೋರುವಾಗ ನಾವು ಕಾದು ಏನು ಪ್ರಯೋಜನ?’ ಎಂಬ ವಾದವೂ ಇದೆ. ಸೋರಿದ್ದು ನಿಜ. ‘ಕಾವೇರಿ’ ಜಾಲತಾಣದಲ್ಲಿದ್ದ ನೋಂದಣಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಜನರ ಖಾತೆಗೆ ಕನ್ನ ಹಾಕಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದವು. ಅದನ್ನು ಪ್ರಶ್ನಿಸಲೇಬೇಕು. ಆದರೆ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದ್ದು ಇದು: ತಪ್ಪು ನಮ್ಮದಲ್ಲದಿದ್ದು, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುವುದಿಲ್ಲ. ನಮ್ಮದೇ ಅಜಾಗರೂಕತೆ ಎಂದಾದರೆ, ತಿಳಿಸುವವರೆಗಿನ ನಷ್ಟವೆಲ್ಲ ನಮ್ಮದೇ. ಅವರ ಸೋರಿಕೆ ತೋರಿಸಿ ನಮ್ಮ ಬಾಗಿಲು ತೆರೆದಿಟ್ಟರೆ ಬಡವಾಗುವುದು ನಾವು.

ಕೆಲಸ ಒಂದು ಭಾನುವಾರದ್ದು. ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿ. ಹಣದ ಕಾಗದಗಳನ್ನು ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಲ್ಲಿ ಬೀಗ ಹಾಕಿಡಿ. ಅದರದೊಂದು ನಕಲು ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವು ಅಮ್ಮನ ಟ್ರಂಕಿನಲ್ಲಿ ಇರಲಿ. ಕಳ್ಳ ಸಿನಿಮಾ, ಕಳ್ಳ ತಂತ್ರಾಂಶ ಬೇಡ. ಕೇಳಿದವರಿಗೆಲ್ಲ ಪೂರ್ತಿ ಆಧಾರ್ ಕೊಡಬೇಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಬೆರಳಚ್ಚನ್ನು ಆಧಾರ್ ಆ್ಯಪಿನಲ್ಲೇ ಲಾಕ್ ಮಾಡಬಹುದು. ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ ಬ್ಯಾಂಕಿಗೆ ಹೇಳಿ, 1930ಕ್ಕೆ ಕರೆ ಮಾಡಿ.

ನಮ್ಮ ಮನೆಯಲ್ಲಿ ಇದನ್ನೆಲ್ಲ ಮಾಡಿ ಮುಗಿಸಿದಾಗ ಅಪ್ಪ ಕೇಳಿದ್ದು ಒಂದೇ: ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಮನೆಯಲ್ಲಿ ಓದಿದವಳು ನಾನೊಬ್ಬಳೇ. ಉತ್ತರ ಇರಲಿಲ್ಲ.