ತವರಿನಲ್ಲೇ ಛೀಮಾರಿ: ಫುಟ್‌ಬಾಲ್ ಅಭಿಮಾನಿಯ ಸಿಟ್ಟು ಯಾರ ಮೇಲೆ, ಪೆಟ್ಟು ಯಾರಿಗೆ?

2022ರ ಮಾರ್ಚ್ 13, ಭಾನುವಾರ. ಪ್ಯಾರಿಸ್‌ನ ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಪಿಎಸ್‌ಜಿ ತಂಡ ಬೋರ್ಡೋ ವಿರುದ್ಧ 3–0 ಗೋಲುಗಳಿಂದ ಗೆದ್ದಿತು. ಆದರೆ ಗೆದ್ದ ತಂಡದ ಇಬ್ಬರು ದೊಡ್ಡ ತಾರೆಯರಿಗೆ ಚಪ್ಪಾಳೆ ಸಿಗಲಿಲ್ಲ. ಲಯೊನೆಲ್ ಮೆಸ್ಸಿ ಕಾಲಿಗೆ ಚೆಂಡು ಬಂದಾಗಲೆಲ್ಲ ಶಿಳ್ಳೆ, ನೇಮರ್ ಕಾಲಿಗೆ ಬಂದಾಗಲೆಲ್ಲ ‘ಬೂ’ ಎಂಬ ಕೂಗು. ನೇಮರ್ ಗೋಲು ಹೊಡೆದಾಗಲೂ ಅದು ನಿಲ್ಲಲಿಲ್ಲ. ಕೂಗುತ್ತಿದ್ದವರು ಬೋರ್ಡೋದಿಂದ ಬಂದವರಲ್ಲ, ಪಿಎಸ್‌ಜಿಯ ಅಂಗಿ ತೊಟ್ಟವರೇ.

ಕಾರಣ ನಾಲ್ಕು ದಿನ ಹಿಂದಿನದು. ಚಾಂಪಿಯನ್ಸ್ ಲೀಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 2–0 ಮುಂದಿದ್ದ ಪಿಎಸ್‌ಜಿ, ಕರೀಂ ಬೆಂಜೆಮಾ 17 ನಿಮಿಷಗಳಲ್ಲಿ ಹೊಡೆದ ಮೂರು ಗೋಲುಗಳಿಗೆ ಶರಣಾಗಿ ಹೊರಬಿದ್ದಿತ್ತು. ಪಿಎಸ್‌ಜಿ ಪರ ಆ ಎರಡೂ ಗೋಲು ಹೊಡೆದಿದ್ದ ಕಿಲಿಯನ್ ಎಂಬಾಪೆಯನ್ನು ಮಾತ್ರ ಗ್ಯಾಲರಿ ಬಿಟ್ಟುಕೊಡಲಿಲ್ಲ. ಮೆಸ್ಸಿ ಪ್ಯಾರಿಸ್‌ಗೆ ಬಂದಿಳಿದಾಗ ಇದೇ ಅಭಿಮಾನಿಗಳು ವಿಮಾನ ನಿಲ್ದಾಣಕ್ಕೇ ಹೋಗಿ ಕಾದಿದ್ದರು. ಅದಾಗಿ ಆಗ ಏಳು ತಿಂಗಳಷ್ಟೇ ಕಳೆದಿತ್ತು.

ಮುಂದಿನ ತಿಂಗಳು ನಡೆದದ್ದು ಇನ್ನೂ ವಿಚಿತ್ರ. ಲಾನ್ಸ್ ವಿರುದ್ಧ 1–1 ಡ್ರಾ ಮಾಡಿಕೊಂಡ ಪಿಎಸ್‌ಜಿ ಫ್ರೆಂಚ್ ಲೀಗ್ ಗೆದ್ದಿತು. ಅದು ಕ್ಲಬ್‌ನ 10ನೇ ಲೀಗ್ ಪ್ರಶಸ್ತಿ. ಆದರೆ ಕಟ್ಟಾ ಅಭಿಮಾನಿಗಳ ಗುಂಪು ಪಂದ್ಯ ಮುಗಿಯುವ ಮೊದಲೇ ಸ್ಟ್ಯಾಂಡ್ ಖಾಲಿ ಮಾಡಿ ಹೊರನಡೆದು, ಮೈದಾನದ ಹೊರಗೆ ತನ್ನಷ್ಟಕ್ಕೆ ತಾನೇ ಹಬ್ಬ ಮಾಡಿತು. ಪ್ರಶಸ್ತಿ ತಮ್ಮದು, ಈ ತಂಡ ತಮ್ಮದಲ್ಲ ಎಂಬ ಧಾಟಿ ಅದು.

ತವರಿನ ಪ್ರೇಕ್ಷಕರೇ ತಮ್ಮ ತಂಡವನ್ನು ಮೂದಲಿಸುವುದು ಹೊಸದೇನಲ್ಲ. ಪ್ರತಿ ಬಾರಿಯೂ ಚರ್ಚೆ ಒಂದೇ ಜಾಡಿನಲ್ಲಿ ಸಾಗುತ್ತದೆ. ‘ನಿಜವಾದ ಅಭಿಮಾನಿ ಹೀಗೆ ಮಾಡುವುದಿಲ್ಲ’ ಎನ್ನುವವರು ಒಂದು ಕಡೆ, ‘ಟಿಕೆಟ್‌ಗೆ ದುಡ್ಡು ಕೊಟ್ಟಿದ್ದೇವೆ, ಕೂಗುವ ಹಕ್ಕಿದೆ’ ಎನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಈ ಕೂಗು ತಲುಪಬೇಕಾದವರನ್ನು ತಲುಪುತ್ತಿದೆಯೇ?

ಮ್ಯಾಡ್ರಿಡ್‌ನ ಶಿಳ್ಳೆ

ನಮ್ಮಲ್ಲಿ ಶಿಳ್ಳೆ ಎಂದರೆ ಮೆಚ್ಚುಗೆ. ಗಾಂಧಿನಗರದ ಚಿತ್ರಮಂದಿರದಲ್ಲಿ ಮೊದಲ ದಿನದ ಮೊದಲ ಆಟಕ್ಕೆ ನಾಯಕ ಪರದೆಗೆ ಬಂದಾಗ ಬೀಳುವ ಶಿಳ್ಳೆಯೇ ಅವನಿಗೆ ಹಾರ. ಸ್ಪೇನ್‌ನಲ್ಲಿ ಅರ್ಥ ತಿರುಗುಮುರುಗು. ರಿಯಲ್ ಮ್ಯಾಡ್ರಿಡ್‌ನ ಸ್ಯಾಂಟಿಯಾಗೊ ಬರ್ನಬ್ಯೂ ಮೈದಾನದಲ್ಲಿ ಶಿಳ್ಳೆ ಎಂದರೆ ಛೀಮಾರಿ. ಅದನ್ನು ಕೇಳಿಸಿಕೊಂಡವರ ಪಟ್ಟಿ ನೋಡಿದರೆ ಫುಟ್‌ಬಾಲ್ ಇತಿಹಾಸದ ಸನ್ಮಾನಿತರ ಪಟ್ಟಿಯಂತೆಯೇ ಕಾಣುತ್ತದೆ. 25 ವರ್ಷ ಕ್ಲಬ್‌ನಲ್ಲೇ ಬೆಳೆದು ವಿಶ್ವಕಪ್ ಗೆದ್ದ ನಾಯಕನಾದ ಗೋಲ್‌ಕೀಪರ್ ಇಕರ್ ಕಸಿಯಾಸ್ ತಮ್ಮ ಕೊನೆಯ ಋತುಗಳಲ್ಲಿ ಇದನ್ನು ಅನುಭವಿಸಿ 2015ರಲ್ಲಿ ಪೋರ್ಟೊಗೆ ಹೊರಟುಹೋದರು. ವೇಲ್ಸ್ ಮೊದಲು, ಗಾಲ್ಫ್ ಆಮೇಲೆ, ಮ್ಯಾಡ್ರಿಡ್ ಕೊನೆಗೆ ಎಂದು ಬರೆದಿದ್ದ ಬಾವುಟ ಹಿಡಿದು ಕುಣಿದ ಗರೆತ್ ಬೇಲ್, 2019ರ ನವೆಂಬರ್‌ನಲ್ಲಿ ಬದಲಿ ಆಟಗಾರನಾಗಿ ಮೈದಾನಕ್ಕೆ ಇಳಿದಾಗ ಕಿವಿಗಡಚಿಕ್ಕುವ ಶಿಳ್ಳೆ ಎದುರಿಸಿದರು.

ಕ್ಲಬ್‌ಗಾಗಿ 450 ಗೋಲು ಹೊಡೆದ ಕ್ರಿಸ್ಟಿಯಾನೊ ರೊನಾಲ್ಡೊಗೂ ವಿನಾಯಿತಿ ಸಿಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಹ್ಯಾಟ್ರಿಕ್ ಹೊಡೆದ ರಾತ್ರಿ ಅವರು ಗ್ಯಾಲರಿಯತ್ತ ತುಟಿಗೆ ಬೆರಳಿಟ್ಟು ತೋರಿಸಿದರು. ಬಾಯಿ ಮುಚ್ಚಿ ಎನ್ನುತ್ತಿಲ್ಲ, ಶಿಳ್ಳೆ ಹಾಕಬೇಡಿ ಎಂದಷ್ಟೇ ಕೇಳುತ್ತಿದ್ದೇನೆ ಎಂಬುದು ಆಮೇಲಿನ ಅವರ ವಿವರಣೆ.

ಇದೇ ಸ್ಪೇನ್‌ನಲ್ಲಿ ಇನ್ನೊಂದು ಸಂಪ್ರದಾಯವೂ ಇದೆ. ಸಿಟ್ಟು ಆಟಗಾರರ ಮೇಲಲ್ಲ, ಆಡಳಿತದ ಮೇಲೆ ಎಂದಾಗ ಪ್ರೇಕ್ಷಕರು ಬಿಳಿ ಕರವಸ್ತ್ರ ತೆಗೆದು ಅಧ್ಯಕ್ಷರು ಕೂರುವ ಗ್ಯಾಲರಿಯತ್ತ ಬೀಸುತ್ತಾರೆ. ಗೂಳಿ ಕಾಳಗದ ಅಂಗಳದಿಂದ ಬಂದ ಪದ್ಧತಿ. ಶಿಳ್ಳೆ ಕೆಳಗೆ ಹುಲ್ಲಿನತ್ತ, ಕರವಸ್ತ್ರ ಮೇಲೆ ಗಾಜಿನ ಕೋಣೆಯತ್ತ. ಹಾಗಿದ್ದೂ ಶಿಳ್ಳೆಯೇ ಹೆಚ್ಚು ಕೇಳಿಸುತ್ತದೆ. ರಿಯಲ್ ಮ್ಯಾಡ್ರಿಡ್ ಸದಸ್ಯರೇ ಒಡೆಯರಾಗಿರುವ ಕ್ಲಬ್, ಅಧ್ಯಕ್ಷರ ಆಯ್ಕೆಗೆ ಅವರಿಗೆ ಮತವೂ ಇದೆ. ಆದರೆ ಸ್ಪರ್ಧಿಸಬೇಕಾದರೆ 20 ವರ್ಷಗಳ ಸದಸ್ಯತ್ವ ಬೇಕು, ಕ್ಲಬ್ ಬಜೆಟ್‌ನ ಶೇ 15ರಷ್ಟು ಮೊತ್ತಕ್ಕೆ ಸ್ವಂತ ಗ್ಯಾರಂಟಿ ಬೇಕು. ಸಹಜವಾಗಿಯೇ ಫ್ಲೊರೆಂಟಿನೊ ಪೆರೆಜ್ ಹಲವು ಬಾರಿ ಎದುರಾಳಿಯೇ ಇಲ್ಲದೆ ಆಯ್ಕೆಯಾಗಿದ್ದಾರೆ.

ಅಂಗಿ ಕಿತ್ತೆಸೆದ ನಾಯಕ

ಛೀಮಾರಿ ಆಟಗಾರನಿಗೆ ಏನು ಮಾಡುತ್ತದೆ ಎಂಬುದಕ್ಕೆ ಇಂಗ್ಲೆಂಡ್‌ನಲ್ಲಿ ಸಾಕಷ್ಟು ಉದಾಹರಣೆಗಳಿವೆ. 2008ರ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ಕಜಕಸ್ತಾನದ ವಿರುದ್ಧ ಇಂಗ್ಲೆಂಡ್ 5–1ರಿಂದ ಗೆದ್ದರೂ, ತಪ್ಪು ಪಾಸ್ ಕೊಟ್ಟು ಆ ಒಂದು ಗೋಲಿಗೆ ಕಾರಣನಾದ ಆ್ಯಶ್ಲಿ ಕೋಲ್ ಕಾಲಿಗೆ ಮತ್ತೆ ಚೆಂಡು ಬಂದಾಗಲೆಲ್ಲ ತವರಿನವರೇ ಕೂಗಿದರು. ಕೋಲ್ ಅದನ್ನು ನುಂಗಿಕೊಂಡರು. ಗ್ರಾನಿಟ್ ಜಾಕಾ ನುಂಗಿಕೊಳ್ಳಲಿಲ್ಲ.

2019ರ ಅಕ್ಟೋಬರ್ 27. ಆರ್ಸೆನಲ್ ತವರಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 2–0 ಮುಂದಿದ್ದು 2–2ಕ್ಕೆ ಇಳಿದಿತ್ತು. 61ನೇ ನಿಮಿಷದಲ್ಲಿ ನಾಯಕ ಜಾಕಾ ಅವರನ್ನು ಹೊರಕರೆಸಲು ಬೋರ್ಡ್‌ನಲ್ಲಿ ನಂಬರ್ ಕಂಡದ್ದೇ ತಡ, ಗ್ಯಾಲರಿಯಿಂದ ಹರ್ಷೋದ್ಗಾರ ಎದ್ದಿತು. ಅವರು ನಿಧಾನಕ್ಕೆ ಹೆಜ್ಜೆ ಹಾಕಿದಾಗ ಅದೇ ಹರ್ಷ ಛೀಮಾರಿಯಾಯಿತು. ಜಾಕಾ ಇನ್ನಷ್ಟು ಕೂಗಿ ಎಂಬಂತೆ ಕೈಯಾಡಿಸಿ, ಕಿವಿಗೆ ಕೈ ಹಿಡಿದು, ಬೈಗುಳವೊಂದನ್ನು ಉದುರಿಸಿ, ಅಂಗಿ ಕಿತ್ತೆಸೆದು ಒಳನಡೆದರು. ಒಂಬತ್ತು ದಿನಗಳಲ್ಲಿ ನಾಯಕತ್ವ ಹೋಯಿತು. ಆ ತಿಂಗಳ ಕೊನೆಗೆ ಕೋಚ್ ಉನಾಯ್ ಎಮೆರಿ ಕೆಲಸವೂ ಹೋಯಿತು.

ಜಾಕಾ ಮಾಡಿದ್ದು ಸರಿಯಲ್ಲ. ಆದರೆ ಕೆಲವು ದಿನಗಳ ನಂತರ ಅವರು ನೀಡಿದ ಹೇಳಿಕೆಯಲ್ಲಿ ಗ್ಯಾಲರಿಯವರಿಗೆ ಕಾಣದ ಭಾಗವಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಅವರ ಹೆಂಡತಿಯನ್ನು ಕೊಲ್ಲುವ ಬೆದರಿಕೆ, ಆಗಷ್ಟೇ ಹುಟ್ಟಿದ್ದ ಮಗಳಿಗೆ ಕ್ಯಾನ್ಸರ್ ಬರಲಿ ಎಂಬ ಶಾಪ ಬಂದಿದ್ದವು. ಹಿಂದೆ ಮೈದಾನದ ಸಿಟ್ಟು ಮೈದಾನದ ಗೇಟಿನಲ್ಲೇ ಉಳಿಯುತ್ತಿತ್ತು. ಈಗ ಅದು ಫೋನಿನೊಳಗೆ ಕೂತು ಆಟಗಾರನ ಮನೆಯವರೆಗೂ ಹೋಗುತ್ತದೆ. 90 ನಿಮಿಷಗಳ ‘ಬೂ’ಗೂ ಈ ಬೆದರಿಕೆಗಳಿಗೂ ವ್ಯತ್ಯಾಸವಿದೆ ನಿಜ. ಆದರೆ ಕೇಳಿಸಿಕೊಳ್ಳುವ ಕಿವಿ ಒಂದೇ.

ಬಿಟ್ಟುಹೋಗಲು ಸಿದ್ಧರಾಗಿದ್ದ ಜಾಕಾ ಅವರನ್ನು ಹೊಸ ಕೋಚ್ ಮಿಕೆಲ್ ಆರ್ಟೆಟಾ ಮನವೊಲಿಸಿ ಉಳಿಸಿಕೊಂಡರು. 2023ರ ಮೇನಲ್ಲಿ ಆರ್ಸೆನಲ್ ಪರ ಆಡಿದ ಕೊನೆಯ ಪಂದ್ಯದಲ್ಲಿ ಅವರು ಮೊದಲ ಕಾಲು ಗಂಟೆಯೊಳಗೇ ಎರಡು ಗೋಲು ಹೊಡೆದರು. ಅದೇ ಗ್ಯಾಲರಿ ಅವರನ್ನು ಉಳಿಯುವಂತೆ ಕೇಳಿಕೊಂಡು ಹಾಡಿತು. ಮರುವರ್ಷ ಅವರು ಬಯರ್ ಲೆವರ್ಕುಸೆನ್ ಪರ ಒಂದೂ ಪಂದ್ಯ ಸೋಲದೆ ಜರ್ಮನ್ ಲೀಗ್ ಗೆದ್ದ ತಂಡದಲ್ಲಿದ್ದರು.

ಗ್ಯಾಲರಿಯ ಸದ್ದು ಫಲಿತಾಂಶವನ್ನು ಬದಲಿಸಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ. ಕೊರೊನಾ ಕಾಲದಲ್ಲಿ ಬಹುಪಾಲು ಖಾಲಿ ಮೈದಾನಗಳಲ್ಲಿ ನಡೆದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ತವರು ತಂಡಗಳು ಗೆದ್ದಿದ್ದು 144 ಪಂದ್ಯ, ಹೊರಗಿನಿಂದ ಬಂದ ತಂಡಗಳು ಗೆದ್ದಿದ್ದು 153. ಇಂಗ್ಲೆಂಡ್‌ನ ಅಗ್ರ ಲೀಗ್‌ನಲ್ಲಿ ಅದಕ್ಕೂ ಮೊದಲು ಎಂದೂ ಹೀಗಾಗಿರಲಿಲ್ಲ. ಜನರಿಲ್ಲದ ತವರು ತವರೇ ಅಲ್ಲ ಎಂದಾಯಿತು. ಹಾಗಿರುವಾಗ ಆಟ ನಡೆಯುತ್ತಿರುವಾಗಲೇ ತಮ್ಮದೇ ಡಿಫೆಂಡರ್‌ನನ್ನು ಮೂದಲಿಸುವುದು ಕೂತ ಕೊಂಬೆಯನ್ನೇ ಕಡಿದಂತೆ. ಕೊನೆಯ ಸೀಟಿಯ ನಂತರ ಇಡೀ ತಂಡಕ್ಕೆ ಕೇಳಿಸುವ ಛೀಮಾರಿ ಬೇರೆ. ಅದು ತೀರ್ಪು. ಆಟದ ನಡುವೆ ಒಬ್ಬನನ್ನೇ ಆರಿಸಿ ಕೂಗುವುದು ಬೇಟೆ.

77ನೇ ನಿಮಿಷದ ಪಾಠ

ಅಭಿಮಾನಿ ಯಾಕೆ ಕೂಗುತ್ತಾನೆ? ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರ ‘ಎಕ್ಸಿಟ್, ವಾಯ್ಸ್ ಆ್ಯಂಡ್ ಲಾಯಲ್ಟಿ’ ಪುಸ್ತಕದಲ್ಲಿ ಇಟ್ಟ ವಾದ ಇಲ್ಲಿಗೆ ಸರಿಹೊಂದುತ್ತದೆ. ಗುಣಮಟ್ಟ ಕುಸಿದಾಗ ಗ್ರಾಹಕನಿಗೆ ಎರಡು ದಾರಿ: ಬಿಟ್ಟುಹೋಗುವುದು ಅಥವಾ ದನಿ ಎತ್ತುವುದು. ನಿಷ್ಠೆ ಇದ್ದವನು ಸುಲಭಕ್ಕೆ ಬಿಟ್ಟುಹೋಗಲಾರ. ಸಾಬೂನು ಚೆನ್ನಾಗಿಲ್ಲದಿದ್ದರೆ ಬೇರೆ ಸಾಬೂನು ಕೊಳ್ಳಬಹುದು, ಆರ್ಸೆನಲ್ ಚೆನ್ನಾಗಿ ಆಡುತ್ತಿಲ್ಲ ಎಂದು ಯಾರೂ ಟಾಟನಂ ಅಭಿಮಾನಿಯಾಗುವುದಿಲ್ಲ. ಉಳಿಯುವುದು ದನಿ ಮಾತ್ರ. ಕ್ಲಬ್ ಯಾರ ಕೈಗೆ ಮಾರಾಟವಾಗಬೇಕು, ಯಾರನ್ನು ಎಷ್ಟು ದುಡ್ಡಿಗೆ ತರಬೇಕು ಎಂಬ ಯಾವ ತೀರ್ಮಾನದಲ್ಲೂ ಆತನಿಗೆ ಪಾಲಿಲ್ಲ. 2011ರಿಂದ ಕತಾರ್‌ನ ಹೂಡಿಕೆ ಸಂಸ್ಥೆಯ ಕೈಯಲ್ಲಿರುವ ಪಿಎಸ್‌ಜಿ, 2017ರಲ್ಲಿ 22.2 ಕೋಟಿ ಯೂರೊ ಕೊಟ್ಟು ನೇಮರ್ ಅವರನ್ನು ತಂದಿತು. ಗೆಲುವಿನ ಈ ಸೂತ್ರ ಹೆಣೆದವರು ಗಾಜಿನ ಹಿಂದೆ ಕೂತಿದ್ದರು, ಕಣ್ಣೆದುರು ಇದ್ದದ್ದು ನೇಮರ್. ಆ ಮೂವರು ತಾರೆಯರೂ ಹೋದ ಮೇಲೆಯೇ, 2025ರ ಮೇನಲ್ಲಿ, ಪಿಎಸ್‌ಜಿ ಮೊದಲ ಬಾರಿ ಚಾಂಪಿಯನ್ಸ್ ಲೀಗ್ ಗೆದ್ದಿತು.

ದನಿ ಸರಿಯಾದ ಕಡೆ ತಿರುಗಿದಾಗ ಏನಾಗುತ್ತದೆ ಎಂಬುದಕ್ಕೆ ಲಿವರ್‌ಪೂಲ್ ಸಾಕ್ಷಿ. 2016ರ ಫೆಬ್ರುವರಿಯಲ್ಲಿ ಹೊಸ ಸ್ಟ್ಯಾಂಡ್‌ನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಎಂದು ಕ್ಲಬ್ ಘೋಷಿಸಿತು. ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷದಲ್ಲಿ ಸುಮಾರು 10,000 ಮಂದಿ ಎದ್ದು ಹೊರನಡೆದರು. ಆಗ ತಂಡ 2–0 ಮುಂದಿತ್ತು. ಅವರು ಹೋದ ಮೇಲೆ ಎದುರಾಳಿ ಎರಡು ಗೋಲು ಹೊಡೆದು ಪಂದ್ಯ ಡ್ರಾ ಆಯಿತು. ಯಾವ ಆಟಗಾರನಿಗೂ ಯಾರೂ ಒಂದು ಮಾತು ಅನ್ನಲಿಲ್ಲ. ವಾರದೊಳಗೆ ಅಮೆರಿಕದ ಮಾಲೀಕರು ಕ್ಷಮೆ ಕೇಳಿ ದರ ಏರಿಕೆ ಕೈಬಿಟ್ಟರು. 2024ರಲ್ಲಿ ಜರ್ಮನಿಯಲ್ಲಿಯೂ ಹಾಗೆಯೇ ಆಯಿತು. ಲೀಗ್‌ನ ಆದಾಯದ ಪಾಲನ್ನು ಖಾಸಗಿ ಹೂಡಿಕೆದಾರರಿಗೆ ಮಾರುವ ಯೋಜನೆ ವಿರೋಧಿಸಿ ಪ್ರೇಕ್ಷಕರು ವಾರಗಟ್ಟಲೆ ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಆಟ ನಿಲ್ಲಿಸಿದರು. ಫೆಬ್ರುವರಿ 21ರಂದು ಲೀಗ್ ಆ ಯೋಜನೆಯನ್ನೇ ಬಿಟ್ಟಿತು.

ಅಂಧೇರಿಯಿಂದ ಗುವಾಹಟಿಗೆ

ಮುಂಬೈನವರಿಗೆ ಇಂಥ ಕೂಗಿನ ಪರಿಚಯ ಆಗಿದ್ದು ಫುಟ್‌ಬಾಲ್‌ನಿಂದಲ್ಲ, ಕ್ರಿಕೆಟ್‌ನಿಂದ. 2024ರ ಏಪ್ರಿಲ್ 1ರಂದು ವಾಂಖೆಡೆಯಲ್ಲಿ ಮುಂಬೈ ಇಂಡಿಯನ್ಸ್ ನಾಯಕ ಹಾರ್ದಿಕ್ ಪಾಂಡ್ಯ ಟಾಸ್‌ಗೆ ಬಂದಾಗ ತವರಿನ ಪ್ರೇಕ್ಷಕರೇ ಎಷ್ಟು ಕೂಗಿದರೆಂದರೆ, ಸಂಜಯ್ ಮಾಂಜ್ರೇಕರ್ ಮೈಕ್‌ನಲ್ಲೇ ಸಭ್ಯವಾಗಿರಿ ಎನ್ನಬೇಕಾಯಿತು. ರೋಹಿತ್ ಶರ್ಮಾ ಅವರನ್ನು ನಾಯಕತ್ವದಿಂದ ಇಳಿಸಿದ್ದು ಫ್ರಾಂಚೈಸಿ, ಬೈಗುಳ ತಿಂದದ್ದು ಪಾಂಡ್ಯ. ಮೂರು ತಿಂಗಳ ನಂತರ, ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಎಸೆದು ಬಂದ ಅವರ ಹೆಸರನ್ನು ಅದೇ ವಾಂಖೆಡೆ ಜೈಕಾರದಂತೆ ಕೂಗಿತು.

ಭಾರತದ ಫುಟ್‌ಬಾಲ್‌ನ ಕಷ್ಟ ಬೇರೆಯದು. ಬಹುಕಾಲ ಇಲ್ಲಿ ಬಯ್ಯುವುದಕ್ಕೂ ಜನ ಇರಲಿಲ್ಲ. 2018ರ ಜೂನ್ 1ರಂದು ಅಂಧೇರಿಯ ಮೈದಾನದಲ್ಲಿ ಚೈನೀಸ್ ತೈಪೆ ವಿರುದ್ಧ ಭಾರತ 5–0ಯಿಂದ ಗೆದ್ದಿತು. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಿದವರು 2,569 ಮಂದಿ. ಮರುದಿನ ಚೆಟ್ರಿ ವಿಡಿಯೊ ಒಂದರಲ್ಲಿ ಕೈಮುಗಿದು ಕೇಳಿಕೊಂಡರು: ಟೀಕಿಸಿ, ಬೈಯಿರಿ, ಆದರೆ ಮೈದಾನಕ್ಕೆ ಬನ್ನಿ ಎಂಬುದೇ ಅದರ ಸಾರ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಮಾರಾಟವಾದವು. ಸುರಿವ ಮಳೆಯಲ್ಲಿ ತುಂಬಿದ ಗ್ಯಾಲರಿಯೆದುರು ಚೆಟ್ರಿ ತಮ್ಮ 100ನೇ ಪಂದ್ಯ ಆಡಿ ಎರಡು ಗೋಲು ಹೊಡೆದರು.

ಅವರ 150ನೇ ಪಂದ್ಯ ನಡೆದದ್ದು 2024ರ ಮಾರ್ಚ್ 26ರಂದು, ಗುವಾಹಟಿಯಲ್ಲಿ. ಎದುರಾಳಿ, ಫಿಫಾ ರ‍್ಯಾಂಕಿಂಗ್‌ನಲ್ಲಿ 158ನೇ ಸ್ಥಾನದಲ್ಲಿದ್ದ ಅಫ್ಗಾನಿಸ್ತಾನ. ಚೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆ ತಂದರೂ ಕೊನೆಯ 20 ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟ ಭಾರತ 1–2ರಿಂದ ಸೋತಿತು. ಗ್ಯಾಲರಿ ಛೀಮಾರಿ ಹಾಕಿತು, ಕೋಚ್ ಇಗೊರ್ ಸ್ಟಿಮಾಚ್ ತೊಲಗಲಿ ಎಂದು ಘೋಷಣೆ ಕೂಗಿತು. ಚೆಟ್ರಿ ಕರೆದಿದ್ದ ಜನ ಬಂದಿದ್ದರು, ಅವರ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಜೂನ್‌ನಲ್ಲಿ ಸ್ಟಿಮಾಚ್ ಅವರನ್ನು ವಜಾ ಮಾಡಲಾಯಿತು. ನಂತರ ಬಂದ ಮನೋಲೊ ಮಾರ್ಕೆಜ್ ಒಂದೇ ವರ್ಷದಲ್ಲಿ ಹೊರಟರು. ಖಾಲಿದ್ ಜಮೀಲ್ ಬಂದರು. 2025ರ ಅಕ್ಟೋಬರ್ 14ರಂದು ಗೋವಾದ ಫತೋರ್ಡಾದಲ್ಲಿ ಸಿಂಗಪುರದ ವಿರುದ್ಧ ಮೊದಲು ಗೋಲು ಹೊಡೆದೂ 1–2ರಿಂದ ಸೋತ ಭಾರತಕ್ಕೆ 2027ರ ಏಷ್ಯನ್ ಕಪ್‌ನ ಬಾಗಿಲು ಮುಚ್ಚಿತು. ಆ ಋತುವಿನ ಇಂಡಿಯನ್ ಸೂಪರ್ ಲೀಗ್ ಕೂಡ ಹಕ್ಕುಗಳ ಒಪ್ಪಂದದ ಗೊಂದಲದಿಂದ ಸಮಯಕ್ಕೆ ಶುರುವಾಗಲಿಲ್ಲ. ಎರಡು ವರ್ಷಗಳಲ್ಲಿ ಮೂವರು ಕೋಚ್‌ಗಳು ಗ್ಯಾಲರಿಯ ಎದುರು ನಿಂತರು. ಅವರನ್ನು ನೇಮಿಸುವ ರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರ ಆಯ್ಕೆಯಲ್ಲಿ ಟಿಕೆಟ್ ಕೊಂಡು ಕೂರುವವನಿಗೆ ಮತವಿಲ್ಲ.