ಬಿಸಿನೀರಿನ ಲೆಕ್ಕ ನಮ್ಮ ಕೈಗೆ ಕೊಡಿ

ಡಿಸೆಂಬರ್ ಬಂತೆಂದರೆ ನಮ್ಮ ವಯಸ್ಸಿನವರಿರುವ ಮನೆಗಳಲ್ಲಿ ಬಚ್ಚಲ ಬಾಗಿಲು ಬಡಿಯುವ ಸದ್ದು ಶುರುವಾಗುತ್ತದೆ. ಸೇಡಂ ಇರಲಿ, ಚಿಂಚೋಳಿ ಇರಲಿ, ಮಾತು ಒಂದೇ: ಇನ್ನೂ ಎಷ್ಟು ಹೊತ್ತು? ನಮ್ಮ ಉರ್ದು ಮನೆಗಳಲ್ಲಿ ಅದೇ ಬೈಗುಳ ದಖನಿಯಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಅಭಿಪ್ರಾಯದಲ್ಲಿ ಬೈಯುವುದರಿಂದ ಒಂದು ಯೂನಿಟ್ಟೂ ಉಳಿಯುವುದಿಲ್ಲ. ಮೀಟರ್ ಓದುವ ಕೆಲಸವನ್ನೇ ನಮಗೆ ಒಪ್ಪಿಸಿದರೆ ಉಳಿಯುತ್ತದೆ.

ಅಜ್ಜಿಯರ ಕಾಲದಲ್ಲಿ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ಉರಿಯುತ್ತಿತ್ತು. ಹಳ್ಳಿಯಿಂದ ಬರುವ ಕೆಲವು ಸಹಪಾಠಿಗಳ ಮನೆಯಲ್ಲಿ ಈಗಲೂ ಉರಿಯುತ್ತದೆ. ಅಂಗಳದ ಕಟ್ಟಿಗೆ ರಾಶಿ ಕರಗುವುದು ಮಕ್ಕಳಿಗೂ ಕಾಣುತ್ತದೆ. ಕರೆಂಟು ಕಾಣುವುದಿಲ್ಲ. ಗೃಹಜ್ಯೋತಿ ಬಂದ ಮೇಲಂತೂ ಎಷ್ಟೋ ಮನೆಗಳಲ್ಲಿ ಬಿಲ್ಲೇ ಸೊನ್ನೆ. 2023ರ ಆಗಸ್ಟ್ 5ರಂದು ಆ ಯೋಜನೆಗೆ ನಮ್ಮ ಕಲಬುರಗಿಯಲ್ಲೇ ಚಾಲನೆ ಸಿಕ್ಕಿತು. ಆದರೆ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ತಿಳಿದವರೇ ಹೆಚ್ಚು. ಹಾಗಿಲ್ಲ. 2022-23ರಲ್ಲಿ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ. 10 ಸೇರಿಸಿ ಮಿತಿ ಹಾಕಿದ್ದಾರೆ. ಸರಾಸರಿ 100 ಇದ್ದ ಮನೆಗೆ 110. ಅದನ್ನು ದಾಟಿದರೆ ಹೆಚ್ಚಿನ ಯೂನಿಟ್ಟಿಗೆ ಹಣ. 200 ದಾಟಿದರೆ ಇಡೀ ಬಿಲ್ಲು ನಮ್ಮದೇ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ, ಮಿತಿ 200 ಇರುವ ಮನೆಗೆ 201ನೇ ಯೂನಿಟ್ಟಿನ ನಿಜವಾದ ಬೆಲೆ 6 ರೂಪಾಯಿಯಲ್ಲ, ಸಾವಿರದ ಮೇಲೆ. ಅರ್ಥಶಾಸ್ತ್ರದ ಪಾಠದಲ್ಲಿ ಸೀಮಾಂತ ವೆಚ್ಚ ಅರ್ಥವಾಗದವರು ಜೆಸ್ಕಾಂ ಬಿಲ್ಲು ನೋಡಲಿ.

ಈಗ ಬಕೆಟ್ ಲೆಕ್ಕ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು (ಸೈನ್ಸ್ ಗೆಳತಿಯ ಹತ್ತಿರ ಎರಡು ಸಲ ಮಾಡಿಸಿ ನೋಡಿದ್ದೇನೆ). 1500 ವ್ಯಾಟ್ ರಾಡ್ ಆದರೆ 20 ನಿಮಿಷ. ಐದು ಜನ ದಿನಕ್ಕೆ ಒಂದೊಂದು ಬಕೆಟ್ ಬಳಸಿದರೆ ತಿಂಗಳಿಗೆ 75 ಯೂನಿಟ್. 110ರ ಮಿತಿಯಲ್ಲಿ 75 ಬಚ್ಚಲಿಗೇ ಹೋಯಿತು. ಇನ್ನು ಫ್ರಿಜ್ಜು, ಮೋಟಾರು, ದೀಪ ಎಲ್ಲ 35ರಲ್ಲಿ ಮುಗಿಯಬೇಕು. ಮೇಲೆ ನಮ್ಮಂಥ ಇಬ್ಬರು ದಿನಕ್ಕೆ ಒಂದೊಂದು ಬಕೆಟ್ ಹೆಚ್ಚಿಗೆ ಸುರಿದುಕೊಂಡರೆ ಮತ್ತೆ 30. ರಾಡ್ ಹಾಕಿ ಮೊಬೈಲ್ ಹಿಡಿದು ಕೂತವರ ಬಕೆಟ್ಟು ಈ ಲೆಕ್ಕದಲ್ಲಿ ಸೇರಿಲ್ಲ.

ಗ್ಯಾಸ್ ಮೇಲೆ ಕಾಯಿಸಿದರೂ ಬಿಟ್ಟಿಯಲ್ಲ. ಬಕೆಟ್ಟಿಗೆ ಸುಮಾರು 75 ಗ್ರಾಂ ಅನಿಲ. ದಿನಕ್ಕೆ ನಾಲ್ಕು ಬಕೆಟ್ ಆದರೆ 14.2 ಕೆಜಿ ಸಿಲಿಂಡರ್ ಒಂದೂವರೆ ತಿಂಗಳಲ್ಲಿ ಸ್ನಾನಕ್ಕೇ ಖಾಲಿ.

ಆದರೂ ತಣ್ಣೀರು ಸುರಿದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ತಂದೆಗೆ, ಚಿತ್ತಾಪುರ, ಶಹಾಬಾದ ಕಡೆಯ ಕಲ್ಲು ಗಣಿಯಿಂದ ಧೂಳು ಮೆತ್ತಿಕೊಂಡು ಬರುವವರಿಗೆ ಬಿಸಿನೀರು ಶೋಕಿಯಲ್ಲ. ತಲೆ ತೊಳೆಯುವ ದಿನ ಹುಡುಗಿಯರಿಗೆ ಎರಡು ಬಕೆಟ್ ಬೇಕೇ ಬೇಕು, ಅಣ್ಣಂದಿರು ಒಪ್ಪಲೇಬೇಕು. ನನ್ನ ತಕರಾರು ಬೇರೆ. ಫಜರ್‌ಗೆ ಮುಂಚೆ ಎದ್ದು ಎಲ್ಲರಿಗೂ ನೀರು ಕಾಯಿಸುವವರು ಅಮ್ಮಿ, ಕೊನೆಗೆ ತಣ್ಣೀರಲ್ಲಿ ಸ್ನಾನ ಮಾಡುವವರೂ ಅಮ್ಮಿ. ನಾವು ಉಳಿಸದ ಬಕೆಟ್ಟಿನ ಖರ್ಚು ಬಿಲ್ಲಿಗೆ ಬರುವ ಮೊದಲು ಅವರ ಮೈಮೇಲೆ ಬರುತ್ತದೆ. ವುಜೂ ಮಾಡುವಾಗ ಬಿಸಿನೀರಿನ ನಲ್ಲಿ ತೆರೆದೇ ಬಿಡುವವರು ಹದೀಸಿನಲ್ಲಿ ಅದಕ್ಕೆ ಒಂದು ಮುದ್ ನೀರು, ಅಂದರೆ ಲೀಟರಿಗಿಂತ ಕಡಿಮೆ, ಸಾಕಾಗಿದ್ದನ್ನು ಓದಿಯೇ ಇರುತ್ತಾರೆ.

ಉಪಾಯ ದೊಡ್ಡದಲ್ಲ. ಭಾನುವಾರಕ್ಕೊಮ್ಮೆ ಮಗ ಅಥವಾ ಮಗಳು ಮೀಟರ್ ಓದಿ ಬರೆಯಲಿ. ಮಿತಿ ಎಷ್ಟೆಂದು ಮನೆಯವರಿಗೆಲ್ಲ ಗೊತ್ತಿರಲಿ. ಸಂಜೆ ಸ್ನಾನ ಮಾಡಬಲ್ಲವರು ಸಂಜೆಯೇ ಮಾಡಲಿ, ಬಿಸಿಲಿಗೆ ಕಾದ ಮೇಲಿನ ಟ್ಯಾಂಕಿನ ನೀರು ಆಗ ಬೆಚ್ಚಗಿರುತ್ತದೆ. 10 ಡಿಗ್ರಿ ಕಡಿಮೆ ಕಾಯಿಸಿದರೂ ಬಕೆಟ್ಟಿಗೆ ಕಾಲು ಯೂನಿಟ್ಟಿನ ಹತ್ತಿರ ಉಳಿತಾಯ. ರಾಡ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಇದರಲ್ಲಿ ಚೌಕಾಸಿ ಬೇಡ.

ಹುಡುಗರ ಕೈಗೆ ಲೆಕ್ಕ ಕೊಟ್ಟರೆ ತಮ್ಮ ಬಕೆಟ್ ಬಿಟ್ಟು ಅಕ್ಕ-ತಂಗಿಯರ ಬಕೆಟ್ ಮಾತ್ರ ಎಣಿಸುತ್ತಾರೆ ಎಂದು ಅಮ್ಮಿ ನಗುತ್ತಾರೆ. ಅದಕ್ಕೇ ಆ ಹಾಳೆಯನ್ನು ಬಚ್ಚಲ ಬಾಗಿಲ ಹೊರಗೆ ಅಂಟಿಸಬೇಕು, ಪೆನ್ನನ್ನು ದಾರ ಕಟ್ಟಿ ಅಲ್ಲೇ ನೇತುಹಾಕಬೇಕು.